ಭೋಪಾಲದ ಅನಿಲ ದುರಂತ: ಆರೋಗ್ಯ ಸಮೀಕ್ಷೆಗಳಲ್ಲಿ ನಿವಾಸಿಗಳ ಸ್ಥಾನ

ಕೈಗಾರಿಕಾ ದುರಂತಗಳ ಚರಿತ್ರೆಯನ್ನು ಬರೆಯುವಾಗ ಯಂತ್ರದ ವೈಫಲ್ಯ, ಆಡಳಿತದ ಹೊಣೆಗೇಡಿತನ ಹಾಗೂ ನ್ಯಾಯಾಲಯದ ತೀರ್ಪುಗಳಿಗೆ ದೊರೆಯುವಷ್ಟು ಗಮನ, ಹಾನಿಯನ್ನು ಅಳೆದ ವಿಧಾನಕ್ಕೆ ದೊರೆಯುವುದಿಲ್ಲ. ಆದರೆ ಸಂತ್ರಸ್ತರ ಪಾಲಿಗೆ ಅತ್ಯಂತ ನಿರ್ಣಾಯಕವಾದುದು ಈ ಅಳತೆಯೇ. ದಾಖಲೆಯಲ್ಲಿ ಸೇರದ ರೋಗಕ್ಕೆ ಚಿಕಿತ್ಸೆಯೂ ಇಲ್ಲ, ಪರಿಹಾರವೂ ಇಲ್ಲ. ಆದ್ದರಿಂದ ಪ್ರಶ್ನೆಗಳನ್ನು ಕೇಳಿದವರು ಯಾರು, ಯಾರ ಮಾತು ಸಾಕ್ಷ್ಯವೆನಿಸಿತು, ಫಲಿತಾಂಶ ಯಾರ ಕೈಸೇರಿತು ಎಂಬ ಅಂಶಗಳು ಚರಿತ್ರೆಯ ಅಧ್ಯಯನಕ್ಕೆ ಯೋಗ್ಯವಾದ ವಿಷಯಗಳಾಗಿವೆ. ಭೋಪಾಲದಲ್ಲಿ ನಡೆದ ಆರೋಗ್ಯ ಸಮೀಕ್ಷೆಗಳನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1984ರ ಡಿಸೆಂಬರ್ 2 ಮತ್ತು 3ರ ನಡುವಣ ರಾತ್ರಿ ಯೂನಿಯನ್ ಕಾರ್ಬೈಡ್ ಕೀಟನಾಶಕ ಕಾರ್ಖಾನೆಯ 610ನೆಯ ಸಂಗ್ರಹ ತೊಟ್ಟಿಯೊಳಕ್ಕೆ ನೀರು ಸೇರಿ, ಸುಮಾರು 40 ಟನ್ ಮೀಥೈಲ್ ಐಸೋಸಯನೇಟ್ ಮತ್ತು ಅದರ ಪ್ರತಿಕ್ರಿಯೆಯಿಂದ ಹುಟ್ಟಿದ ಇತರ ಅನಿಲಗಳು ಹೊರಚೆಲ್ಲಿದವು. ಕಾರ್ಖಾನೆಯ ಎದುರಿಗಿದ್ದ ಜೆ.ಪಿ. ನಗರ ಮತ್ತು ಸಮೀಪದ ಕಾಜಿ ಕ್ಯಾಂಪ್ ಮೊದಲಾದ ಬಡಾವಣೆಗಳು ಮೊದಲ ಹೊಡೆತಕ್ಕೆ ಸಿಲುಕಿದವು. ಅಲ್ಲಿನ ನಿವಾಸಿಗಳಲ್ಲಿ ಬಹುಪಾಲು ಜನ ದಿನಗೂಲಿಯವರು, ಬೀಡಿ ಕಟ್ಟುವವರು, ಹಮಾಲರು. ಯಾವ ಅನಿಲ ತಮ್ಮ ಎದೆಯನ್ನು ಸುಡುತ್ತಿದೆ ಎಂಬುದು ಅವರಿಗೆ ತಿಳಿದಿರಲಿಲ್ಲ. ಅವರಿಗೆ ಶುಶ್ರೂಷೆ ನೀಡಲು ನಿಂತ ವೈದ್ಯರಿಗೂ ತಿಳಿದಿರಲಿಲ್ಲ.

ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ಶೀಘ್ರವಾಗಿ ಕಾರ್ಯಪ್ರವೃತ್ತವಾಯಿತು. ನಗರದ 56 ವಾರ್ಡುಗಳಲ್ಲಿ 36ನ್ನು ಅನಿಲಪೀಡಿತವೆಂದು ಗುರುತಿಸಿ, ಮರಣದ ಪ್ರಮಾಣವನ್ನು ಆಧರಿಸಿ ಅವುಗಳನ್ನು ತೀವ್ರ, ಮಧ್ಯಮ ಮತ್ತು ಲಘು ಎಂದು ಮೂರು ವಲಯಗಳಾಗಿ ವಿಂಗಡಿಸಲಾಯಿತು. ಈ ಗಣನೆಯಂತೆ ತೀವ್ರ ವಲಯದಲ್ಲಿ 32,476, ಮಧ್ಯಮ ವಲಯದಲ್ಲಿ 71,917, ಲಘು ವಲಯದಲ್ಲಿ 4,16,869, ಒಟ್ಟು 5,21,262 ಜನರಿದ್ದರು. ದೀರ್ಘಕಾಲದ ಅಧ್ಯಯನಕ್ಕಾಗಿ 80,021 ಪೀಡಿತರನ್ನೂ, ಹೋಲಿಕೆಗಾಗಿ ಅನಿಲ ತಗುಲದ ಪ್ರದೇಶಗಳ 15,931 ಜನರನ್ನೂ ಆರಿಸಿಕೊಳ್ಳಲಾಯಿತು. ಇಷ್ಟು ವಿಸ್ತಾರವಾದ ಯೋಜನೆಯನ್ನು ಕೈಗೊಂಡ ಪರಿಷತ್ತಿನ ಶ್ರಮ ಸ್ಮರಣೀಯವೇ ಸರಿ. ಆದರೆ ಈ ಯೋಜನೆಯಲ್ಲಿ ನಿವಾಸಿಯ ಪಾತ್ರ ಉತ್ತರ ಕೊಡುವುದಕ್ಕೆ ಸೀಮಿತವಾಗಿತ್ತು. ಯಾವ ತೊಂದರೆಯನ್ನು ಕೇಳಬೇಕು ಎಂಬುದನ್ನು ನಿರ್ಧರಿಸುವಲ್ಲಿ ಅವನ ಪಾಲು ಇರಲಿಲ್ಲ. ಕಂಪೆನಿಯ ವಿರುದ್ಧ ವ್ಯಾಜ್ಯ ನಡೆಯುತ್ತಿದ್ದ ವರ್ಷಗಳಲ್ಲಿ ಪರಿಷತ್ತಿನ ಬಹಳಷ್ಟು ಫಲಿತಾಂಶಗಳು ಸಾರ್ವಜನಿಕರಿಗೆ ದೊರೆಯಲಿಲ್ಲ. ಪರೀಕ್ಷೆಗೆ ಒಳಪಟ್ಟವರಿಗೂ ದೊರೆಯಲಿಲ್ಲ.

ಇದೇ ಕಾಲದಲ್ಲಿ ಚಿಕಿತ್ಸೆಯನ್ನು ಕುರಿತು ತೀವ್ರವಾದ ವಿವಾದ ತಲೆದೋರಿತು. ಅನಿಲದಿಂದ ಕಣ್ಣು ಮತ್ತು ಶ್ವಾಸಕೋಶಗಳಿಗೆ ಮಾತ್ರ ಹಾನಿ ಎಂಬುದು ಒಂದು ಪಕ್ಷ. ವಿಷ ರಕ್ತವನ್ನು ಸೇರಿ ಇಡೀ ದೇಹವನ್ನು ಬಾಧಿಸಿದೆ, ಸೋಡಿಯಂ ಥಯೋಸಲ್ಫೇಟ್ ಚುಚ್ಚುಮದ್ದಿನಿಂದ ಅದು ಮೂತ್ರದ ಮೂಲಕ ಹೊರಹೋಗುತ್ತದೆ ಎಂಬುದು ಇನ್ನೊಂದು ಪಕ್ಷ. ಯಾವುದು ಔಷಧ, ಯಾವುದು ಬರಿಯ ದ್ರಾವಣ ಎಂಬುದು ವೈದ್ಯನಿಗೂ ರೋಗಿಗೂ ತಿಳಿಯದಂತೆ ಪ್ರಯೋಗ ನಡೆಸಿದ ಪರಿಷತ್ತು, 1985ರಲ್ಲಿ ಈ ಚುಚ್ಚುಮದ್ದಿನ ಬಳಕೆಗೆ ಅನುಕೂಲವಾದ ಸೂಚನೆಗಳನ್ನು ನೀಡಿತು. ಆದರೂ ಅದು ಪೀಡಿತರಿಗೆ ವ್ಯಾಪಕವಾಗಿ ತಲುಪಲಿಲ್ಲ. ತಮ್ಮ ದೇಹದ ಬಗೆಗಿನ ಈ ವಾದದಲ್ಲಿ ಪೀಡಿತರು ಕೇವಲ ಪ್ರೇಕ್ಷಕರಾಗಿದ್ದರು.

ಈ ಹಿನ್ನೆಲೆಯಲ್ಲಿ 1985ರ ಮಾರ್ಚ್ ತಿಂಗಳಲ್ಲಿ ಮೆಡಿಕೊ ಫ್ರೆಂಡ್ ಸರ್ಕಲ್ ಎಂಬ ವೈದ್ಯರ ಮತ್ತು ಆರೋಗ್ಯ ಕಾರ್ಯಕರ್ತರ ಬಳಗ ನಡೆಸಿದ ಸಮೀಕ್ಷೆ ಮಹತ್ವದ್ದೆನಿಸುತ್ತದೆ. ಈ ಬಳಗದ ಅಂದಿನ ಸಂಚಾಲಕರು ಬೆಂಗಳೂರಿನ ಡಾ. ರವಿ ನಾರಾಯಣ್. ಡಾ. ಥೆಲ್ಮಾ ನಾರಾಯಣ್ ಮುಂದೆ 1990ರಲ್ಲಿ ಭೋಪಾಲದ ಆರೋಗ್ಯ ಪರಿಣಾಮಗಳನ್ನು ಕುರಿತು ವಿಮರ್ಶಾತ್ಮಕ ಪ್ರಬಂಧವೊಂದನ್ನು ಪ್ರಕಟಿಸಿದರು. ಕಾರ್ಖಾನೆಗೆ ಹೊಂದಿಕೊಂಡಂತಿದ್ದ ಜೆ.ಪಿ. ನಗರವನ್ನು, ದೂರದಲ್ಲಿದ್ದ ಆದರೆ ಬಡತನದಲ್ಲಿ ಅದಕ್ಕೆ ಸಮಾನವಾಗಿದ್ದ ಅಣ್ಣಾ ನಗರದೊಡನೆ ಈ ಸಮೀಕ್ಷೆ ಹೋಲಿಸಿತು. ರೋಗಿಯ ಮಾತನ್ನು ರೋಗನಿರ್ಣಯದ ಆರಂಭವೆಂದು ಸ್ವೀಕರಿಸಿದುದು ಇದರ ವೈಶಿಷ್ಟ್ಯ. ಉಬ್ಬಸ, ಕೆಮ್ಮುಗಳ ಜೊತೆಗೆ ದೃಷ್ಟಿ ಮಂಜಾಗುವುದು, ಸ್ನಾಯುಗಳ ನಿಶ್ಶಕ್ತಿ, ಮರೆವು, ಮುಟ್ಟಿನ ವ್ಯತ್ಯಯ, ದುಡಿಯುವ ಶಕ್ತಿಯ ಕುಗ್ಗುವಿಕೆ ಮುಂತಾದವನ್ನು ನಿವಾಸಿಗಳು ಹೇಳಿದರು. ಹಾನಿ ಶ್ವಾಸಕೋಶಕ್ಕೆ ಸೀಮಿತವಲ್ಲ ಎಂಬ ನಿರ್ಣಯಕ್ಕೆ ಈ ಹೇಳಿಕೆಗಳೇ ದಾರಿ ತೋರಿದವು.

ಸ್ತ್ರೀಯರ ಅನುಭವ ಈ ಮಾತನ್ನು ಮತ್ತಷ್ಟು ಸ್ಪಷ್ಟಪಡಿಸುತ್ತದೆ. ಮುಟ್ಟಿನ ಏರುಪೇರು, ಬಿಳಿಸೆರಗು, ಗರ್ಭಪಾತಗಳನ್ನು ಕುರಿತು ಬಸ್ತಿಯ ಹೆಂಗಸರು ಹೇಳುತ್ತಿದ್ದ ಮಾತನ್ನು ಅನಿಲಕ್ಕೆ ಸಂಬಂಧವಿಲ್ಲದ್ದೆಂದು ತಳ್ಳಿಹಾಕುವ ಪ್ರವೃತ್ತಿ ಇತ್ತು. ಡಾ. ರಾಣಿ ಬಂಗ್ ಮತ್ತು ಡಾ. ಮೀರಾ ಸದ್ಗೋಪಾಲ್ ಬಸ್ತಿಗಳಿಗೇ ಹೋಗಿ, ಹೆಂಗಸರೊಡನೆ ಮಾತನಾಡಿ, ಪರೀಕ್ಷಿಸಿ, ಸ್ತ್ರೀರೋಗಗಳ ಪ್ರಮಾಣ ಅಸಾಮಾನ್ಯವಾಗಿ ಹೆಚ್ಚಿದೆ ಎಂಬುದನ್ನು ದಾಖಲಿಸಿದರು. ಡಾ. ದಯಾ ವರ್ಮಾ ಅವರು 1987ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಕಾರ್ಖಾನೆಯಿಂದ ಒಂದು ಕಿಲೋಮೀಟರ್ ಒಳಗೆ ವಾಸಿಸುತ್ತಿದ್ದು ಅನಿಲ ಸೋರಿದಾಗ ಗರ್ಭಿಣಿಯರಾಗಿದ್ದ 865 ಹೆಂಗಸರಲ್ಲಿ ಶೇ. 43ರಷ್ಟು ಗರ್ಭಗಳು ಜೀವಂತ ಶಿಶುವಿನ ಜನನದಲ್ಲಿ ಕೊನೆಗೊಳ್ಳಲಿಲ್ಲ. ಹೆಂಗಸರು ತಾವಾಗಿ ಹೇಳಿಕೊಂಡಿದ್ದ ಸಂಗತಿಗೆ ಅಂಕಿಗಳ ಆಧಾರ ದೊರೆಯಲು ಎರಡು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು.

1985ರ ಜೂನ್‌ನಲ್ಲಿ ಜಹರೀಲಿ ಗ್ಯಾಸ್ ಕಾಂಡ್ ಸಂಘರ್ಷ ಮೋರ್ಚಾ ಮತ್ತಿತರ ಸಂಘಟನೆಗಳು ಜನ ಸ್ವಾಸ್ಥ್ಯ ಕೇಂದ್ರವನ್ನು ಆರಂಭಿಸಿದವು. ಅಲ್ಲಿ ಥಯೋಸಲ್ಫೇಟ್ ನೀಡುವುದರೊಡನೆ ಅದರ ಪರಿಣಾಮವನ್ನೂ ದಾಖಲಿಸಲಾಗುತ್ತಿತ್ತು. ಅದೇ ತಿಂಗಳು ಪೊಲೀಸರು ದಾಳಿ ನಡೆಸಿ, ವೈದ್ಯರನ್ನು ಬಂಧಿಸಿ, ದಾಖಲೆಗಳನ್ನು ವಶಪಡಿಸಿಕೊಂಡರು. ಆಳುವವರ ದೃಷ್ಟಿಯಲ್ಲಿ ರೋಗಿಗಳ ಕಡತಕ್ಕೆ ಎಂತಹ ಬೆಲೆ ಇತ್ತೆಂಬುದು ಈ ಘಟನೆಯಿಂದ ವ್ಯಕ್ತವಾಗುತ್ತದೆ. ವಿಷಯ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ನ್ಯಾಯಾಲಯ ನೇಮಿಸಿದ ತಜ್ಞರ ಸಮಿತಿಯಲ್ಲಿ ಅನಿಲ್ ಸದ್ಗೋಪಾಲ್ ಮತ್ತು ಡಾ. ಸುಜಿತ್ ದಾಸ್ ಅವರಿಗೂ ಸ್ಥಾನ ದೊರೆಯಿತು. ಅವರಿಬ್ಬರೂ 1988ರಲ್ಲಿ ಪ್ರತ್ಯೇಕ ಅಲ್ಪಮತದ ವರದಿಯನ್ನು ಸಲ್ಲಿಸಿದರು.

ನಿವಾಸಿಗಳ ಮಾತನ್ನು ಆಧಾರವಾಗಿ ಸ್ವೀಕರಿಸುವುದರ ವಿರುದ್ಧ ಒಂದು ಗಂಭೀರವಾದ ಆಕ್ಷೇಪವುಂಟು. ಪರಿಹಾರದ ನಿರೀಕ್ಷೆ ಇರುವಲ್ಲಿ ರೋಗವನ್ನು ಹೆಚ್ಚಿಸಿ ಹೇಳುವ ಸಂಭವವಿದೆ ಎಂಬುದೇ ಆ ಆಕ್ಷೇಪ. ಇದನ್ನು ಅಲ್ಲಗಳೆಯುವಂತಿಲ್ಲ. ಆದರೆ ಇದಕ್ಕೆ ಉತ್ತರ ವಿಧಾನದಲ್ಲಿದೆ. ಅನಿಲ ತಗುಲದ ಬಸ್ತಿಯೊಡನೆ ಹೋಲಿಕೆ ಮಾಡುವುದು, ಹೇಳಿಕೆಯನ್ನು ದೈಹಿಕ ಪರೀಕ್ಷೆಯೊಡನೆ ತಾಳೆ ನೋಡುವುದು ಇವು ಅಂತಹ ಉಪಾಯಗಳು. ಮಾತನ್ನು ಕೇಳದೆಯೇ ಬಿಡುವುದು ಉಪಾಯವಲ್ಲ. ಅದರ ಫಲ ಪರಿಹಾರದ ವರ್ಗೀಕರಣದಲ್ಲಿ ಕಂಡುಬಂದಿತು. 1984ರ ಆಸ್ಪತ್ರೆಯ ಚೀಟಿಯನ್ನು ಕಾಪಾಡಿಕೊಳ್ಳಲಾಗದ ಬಡವರು ದಾಖಲೆಯಿಲ್ಲದವರೆನಿಸಿದರು. 1989ರಲ್ಲಿ ಕಂಪೆನಿಯೊಡನೆ 47 ಕೋಟಿ ಡಾಲರ್‌ಗಳ ಒಪ್ಪಂದವಾದಾಗ ಮೃತರನ್ನು ಸುಮಾರು 3,000 ಎಂದು ಎಣಿಸಲಾಗಿತ್ತು. ಆದರೆ ಮುಂದೆ ಪರಿಹಾರದ ನ್ಯಾಯಾಲಯಗಳೇ 5,295 ಸಾವುಗಳಿಗೆ ಪರಿಹಾರವನ್ನು ಮಂಜೂರು ಮಾಡಿದವು. ಹಾನಿಯನ್ನು ಪೂರ್ಣವಾಗಿ ಅಳೆಯುವ ಮೊದಲೇ ಅದರ ಬೆಲೆಯನ್ನು ಕಟ್ಟಲಾಗಿತ್ತು ಎಂಬುದಕ್ಕೆ ಈ ಅಂತರವೇ ಸಾಕ್ಷಿ. ಹೆಚ್ಚಿನ ಪರಿಹಾರವನ್ನು ಕೋರಿದ್ದ ಕೇಂದ್ರ ಸರ್ಕಾರದ ಅರ್ಜಿ 2023ರ ಮಾರ್ಚ್‌ನಲ್ಲಿ ವಜಾಗೊಂಡಿತು.

ಪರಿಷತ್ತಿನ ಅಧ್ಯಯನಗಳು 1994ರಲ್ಲಿ ಮುಗಿದವು. ಸಮೀಕ್ಷೆಯನ್ನು ಮುಂದುವರಿಸುವ ಕಾರ್ಯ ರಾಜ್ಯ ಸರ್ಕಾರದ ಪುನರ್ವಸತಿ ಅಧ್ಯಯನ ಕೇಂದ್ರಕ್ಕೆ ಹೋಯಿತು. ಮನೆ ಬದಲಿಸಿದವರು, ಊರು ಬಿಟ್ಟವರು ದಾಖಲೆಯಿಂದ ಜಾರಿಹೋಗಿ, ಮೂಲ ಗುಂಪು ವರ್ಷದಿಂದ ವರ್ಷಕ್ಕೆ ಕರಗುತ್ತ ಬಂತು. ಸಮೀಕ್ಷೆಯಿಂದ ತನಗಾಗಲಿ ತನ್ನ ಮನೆಯವರಿಗಾಗಲಿ ಪ್ರಯೋಜನವನ್ನು ಕಾಣದ ವ್ಯಕ್ತಿ ಅದರೊಡನೆ ದೀರ್ಘಕಾಲ ಸಂಬಂಧವನ್ನು ಉಳಿಸಿಕೊಳ್ಳುವುದು ಕಷ್ಟ. ಇದಕ್ಕೆ ಪರ್ಯಾಯವಾದ ಮಾದರಿಯನ್ನು 1996ರಲ್ಲಿ ಆರಂಭವಾದ ಸಂಭಾವನಾ ಚಿಕಿತ್ಸಾಲಯ ತೋರಿಸಿಕೊಟ್ಟಿತು. ಅಲ್ಲಿನ ಆರೋಗ್ಯ ಕಾರ್ಯಕರ್ತರು ಬಸ್ತಿಗಳ ಮನೆಮನೆಗೆ ಹೋಗಿ, ಸತ್ತವರ ಮನೆಯವರಿಂದ ಕಾಯಿಲೆಯ ವಿವರಗಳನ್ನು ಕೇಳಿ ಬರೆದುಕೊಂಡರು. ಸಾವಿನ ಕಾರಣವನ್ನು ಆ ವಿವರಗಳ ಆಧಾರದ ಮೇಲೆ ವೈದ್ಯರು ನಿರ್ಧರಿಸಿದರು. ಹೀಗೆ ಚಿಕಿತ್ಸೆ ಮತ್ತು ಸಂಶೋಧನೆಗಳು ಒಂದೇ ಬಾಗಿಲಿನೊಳಗೆ ನಡೆದುದರಿಂದ ಉತ್ತರ ಕೊಟ್ಟವರಿಗೆ ಅದರ ಪ್ರಯೋಜನವೂ ಕಾಣಿಸಿತು.

2010ರಲ್ಲಿ ಪರಿಷತ್ತು ಭೋಪಾಲದಲ್ಲಿ ಪರಿಸರ ಆರೋಗ್ಯದ ರಾಷ್ಟ್ರೀಯ ಸಂಶೋಧನಾ ಸಂಸ್ಥೆಯನ್ನು ಸ್ಥಾಪಿಸಿತು. 2012ರ ಆಗಸ್ಟ್ 9ರಂದು ಸುಪ್ರೀಂ ಕೋರ್ಟು ರೋಗಿಗಳ ದಾಖಲೆಗಳನ್ನು ಗಣಕೀಕರಿಸಬೇಕು, ಪ್ರತಿಯೊಬ್ಬ ಪೀಡಿತನಿಗೂ ಆರೋಗ್ಯ ಪುಸ್ತಿಕೆ ಕೊಡಬೇಕು ಎಂದು ಆದೇಶಿಸಿತು. ಈ ಪ್ರಕರಣದ ಅರ್ಜಿದಾರರಲ್ಲಿ ಅಬ್ದುಲ್ ಜಬ್ಬಾರ್ ಅವರ ನೇತೃತ್ವದ ಭೋಪಾಲ್ ಗ್ಯಾಸ್ ಪೀಡಿತ್ ಮಹಿಳಾ ಉದ್ಯೋಗ್ ಸಂಘಟನೆಯೂ ಒಂದು. ತಮ್ಮ ದೇಹದ ದಾಖಲೆ ತಮ್ಮ ಕೈಯಲ್ಲಿರಬೇಕು ಎಂಬ ಸರಳವಾದ ಹಕ್ಕಿಗೆ ನ್ಯಾಯಾಲಯದ ಮುದ್ರೆ ಬೀಳಲು ದುರಂತದ ಅನಂತರ 27 ವರ್ಷಗಳು ಬೇಕಾದವು.

ಒಟ್ಟಿನಲ್ಲಿ, ಭೋಪಾಲದ ಸಮೀಕ್ಷೆಗಳಲ್ಲಿ ನಿವಾಸಿಗಳ ಸಹಭಾಗಿತ್ವ ಉದಾರತೆಯ ಪ್ರಶ್ನೆಯಾಗಿರದೆ ಸತ್ಯನಿರ್ಣಯದ ಪ್ರಶ್ನೆಯಾಗಿತ್ತು ಎಂಬುದು ಈ ವಿವೇಚನೆಯಿಂದ ತಿಳಿದುಬರುತ್ತದೆ. ಅವರ ಮಾತನ್ನು ಕೇಳಿದ ಕಡೆ ರೋಗದ ವ್ಯಾಪ್ತಿ ಬೇಗ ಗೋಚರವಾಯಿತು. ಕೇಳದ ಕಡೆ ವಿಜ್ಞಾನವೂ ಬಡವಾಯಿತು, ನ್ಯಾಯವೂ ತಡವಾಯಿತು.