ಮಲ್ಲಯ್ಯನ ದಾರಿಯ ಬುತ್ತಿ

ಜೋಳದ ರಾಶಿ ಮುಗಿದ ವಾರಕ್ಕೇ ನಮ್ಮ ತಾತ ಚಪ್ಪಲಿಗೆ ಹರಳೆಣ್ಣೆ ಕುಡಿಸಲು ಕೂಡುತ್ತಿದ್ದ. ಯುಗಾದಿಗೆ ಇನ್ನೂ ತಿಂಗಳೊಪ್ಪತ್ತು ಇರುತ್ತಿತ್ತು. ನಮ್ಮೂರು ರೂಪನಗುಡಿಯಿಂದ ಮಲ್ಲಯ್ಯನ ಶ್ರೀಶೈಲಕ್ಕೆ ಹತ್ತು-ಹನ್ನೆರಡು ದಿನದ ನಡಿಗೆ. ಹೊಸ ಚಪ್ಪಲಿ ಮೆಟ್ಟಿ ಹೊರಟವನು ಆದೋನಿಯಲ್ಲೇ ಕುಂಟುತ್ತಾನೆ ಅನ್ನುವುದು ಅವನ ಲೆಕ್ಕ.

ಈಗ ನನ್ನ ಮೊಮ್ಮಗ ಹಂಪಿಯ ಬಂಡೆ ಹತ್ತಲು ಹೋಗುವಾಗ ಫೋನಿನಲ್ಲಿ ಪಟ್ಟಿ ಮಾಡಿಕೊಳ್ಳುತ್ತಾನೆ. ತಾತನ ಪಟ್ಟಿ ಅಟ್ಟದ ಮೇಲಿತ್ತು: ಒಂದು ಕಂಬಳಿ, ಸೋರೆಬುರುಡೆ, ಬಡಿಗೆ. ಬುತ್ತಿಯ ಪಟ್ಟಿ ಅಜ್ಜಿಯ ಕೈಯಲ್ಲಿ. ಒಣಗಿಸಿದ ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಪುಟಾಣಿ, ಬೆಲ್ಲ, ಉಳ್ಳಾಗಡ್ಡಿ. ಇವೆಲ್ಲ ಕಾಡಿನ ಪಾಲಿಗೆ. ಊರು ಸಿಗುವಷ್ಟು ದೂರ ಗಂಟು ಬಿಚ್ಚುವಂತಿಲ್ಲ. ದಾರಿಯ ಊರಿನವರು ಕರೆದು ಕೂಡಿಸಿ ಉಣ್ಣಿಸುತ್ತಿದ್ದರು. ಗಂಟಿನ ತಳದಲ್ಲಿ ಮಲ್ಲಯ್ಯನ ಹೆಂಡತಿ ಭ್ರಮರಾಂಬೆಗೆ ಒಂದು ಸೀರೆ, ಅರಿಶಿನ-ಕುಂಕುಮ. ಅವಳು ಕನ್ನಡದ ಮನೆಮಗಳು, ಯುಗಾದಿಗೆ ತವರಿನ ಸೀರೆ ಹೋಗದಿದ್ದರೆ ಹೇಗೆ? ಆ ಕಡೆ ನಲ್ಲಮಲ ಕಾಡಿನ ಚೆಂಚರಿಗೆ ಮಲ್ಲಯ್ಯ ಅಳಿಯ. ಹೀಗೆ ಗಂಡ ಹೆಂಡತಿ ಇಬ್ಬರಿಗೂ ಬೀಗರು ಬೇರೆ ಬೇರೆ.

ದಾರಿ ತಾತನಿಗಿಂತ ಬಹಳ ಹಳೆಯದು. ಕವಿ ಪಾಲ್ಕುರಿಕಿ ಸೋಮನಾಥನ ‘ಪಂಡಿತಾರಾಧ್ಯ ಚರಿತ್ರ’ದಲ್ಲೇ ಶಿವರಾತ್ರಿಗೆ ಪರ್ವತ ಹತ್ತುವ ಜನ ಕಾಣುತ್ತಾರೆ. 14ನೇ ಶತಮಾನದಲ್ಲಿ ರೆಡ್ಡಿ ಅರಸ ಪ್ರೋಲಯ ವೇಮ ಬೆಟ್ಟಕ್ಕೆ ಮೆಟ್ಟಿಲು ಕಟ್ಟಿಸಿದ. 1677ರಲ್ಲಿ ಶಿವಾಜಿಯೂ ಬಂದು ಹೋದ. ಕಾಶಿಗೆ ಹೊರಟ ಏನುಗುಲ ವೀರಾಸ್ವಾಮಿ 1830ರಲ್ಲಿ ಇದೇ ಕಾಡು ಹೊಕ್ಕು, ಕರ್ನೂಲು ನವಾಬನ ಕಡೆಯವರು ಯಾತ್ರಿಕರಿಂದ ಸುಂಕ ಎತ್ತುವುದನ್ನು ಬರೆದಿಟ್ಟ. ನವಾಬಗಿರಿ 1839ಕ್ಕೆ ಮುಗಿಯಿತು. ದೇವರ ಮುಖ ನೋಡುವ ಮೊದಲು ಸುಂಕದವನ ಮುಖ ನೋಡಬೇಕಿದ್ದ ಕಾಲ ಅದು; ಗಂಟಿನಲ್ಲಿ ಕಾಸಿಗೂ ಜಾಗ ಇಡಬೇಕಿತ್ತು.

ಆದರೆ ಈ ನಡಿಗೆಯ ಜೀವ ಇದ್ದದ್ದು ಕಾಸಿನಲ್ಲಲ್ಲ, ನೀರಿನಲ್ಲಿ. ನಮ್ಮ ಎರೆ ನೆಲ ಯುಗಾದಿಯ ಹೊತ್ತಿಗೆ ಬಾಯಿ ಬಿಟ್ಟಿರುತ್ತದೆ, ಹಗರಿ ಹೊಳೆಯಲ್ಲಿ ಬರೀ ಮರಳು. ತಾತ ಬೆಳ್ಳಿ ಮೂಡುವ ಮುಂಚೆ ಎದ್ದು ನಡೆದು, ಬಿಸಿಲೇರುವುದರೊಳಗೆ ಒಂದು ಬಾವಿಯ ಹತ್ತಿರ ಇರಬೇಕು ಅನ್ನುತ್ತಿದ್ದ. ಎಲ್ಲ ಬಾವಿಯ ನೀರೂ ಕುಡಿಯುವಂಥದ್ದಲ್ಲ. ಅದಕ್ಕೆ ಅವನು ಹೇಳುತ್ತಿದ್ದುದು ಪತ್ತಿಕೊಂಡದ ಕತೆ. 1800ರಲ್ಲಿ ನಿಜಾಮ ಕಂಪನಿಗೆ ಬಿಟ್ಟುಕೊಟ್ಟ ಈ ಸೀಮೆಗೆ ಪ್ರಧಾನ ಕಲೆಕ್ಟರ್ ಆಗಿ ಬಂದ ಥಾಮಸ್ ಮನ್ರೋ, ಮುಂದೆ ಮದ್ರಾಸಿನ ಗವರ್ನರನಾಗಿ ಪರಿವಾರ, ಡೇರೆ, ಆಳುಕಾಳು ಸಮೇತ ಇಲ್ಲಿ ಸುತ್ತುವಾಗ 1827ರ ಜುಲೈ 6ರಂದು ಪತ್ತಿಕೊಂಡದಲ್ಲಿ ಕಾಲರಾಕ್ಕೆ ತೀರಿಕೊಂಡ. “ಅಂಥಾ ದೊರೀನೇ ಹೋದ, ನಿಂದೇನಲೇ?” ಎಂದು ಗದರಿ ನನ್ನ ಕೈಯಿಂದ ಕೆರೆನೀರಿನ ಚೊಂಬು ಕಸಿದದ್ದುಂಟು.

ತಾತನ ಹರೆಯದಲ್ಲಿ ಆಲೂರು, ಆದೋನಿ ಎಲ್ಲ ಬಳ್ಳಾರಿ ಜಿಲ್ಲೆಯವೇ. 1953ರ ಅಕ್ಟೋಬರ್ 1ಕ್ಕೆ ಆ ತಾಲ್ಲೂಕುಗಳು ಆಂಧ್ರಕ್ಕೆ, ನಾವು ಮೈಸೂರಿಗೆ. ನಡೆಯುವವರಿಗೆ ಅದು ಗೊತ್ತೇ ಆಗಲಿಲ್ಲ. ಆದೋನಿ, ಎಮ್ಮಿಗನೂರು, ಕರ್ನೂಲು, ಆತ್ಮಕೂರು, ಅವೇ ಊರು, ಅವೇ ಕಟ್ಟೆ. ಮಾತು ಮಾತ್ರ ಹೆಜ್ಜೆಹೆಜ್ಜೆಗೂ ತೆಲುಗಿಗೆ ವಾಲುತ್ತಿತ್ತು. ನಮ್ಮ ಸೀಮೆಯವರಿಗೆ ಅದು ಕಷ್ಟವೇ?

ನಾನು ನಡೆದದ್ದು ಒಂದೇ ಸಲ, ಅದೂ ಆತ್ಮಕೂರಿನ ತನಕ ಬಸ್ಸಿನಲ್ಲಿ ಹೋಗಿ. ವೆಂಕಟಾಪುರ ದಾಟಿದರೆ ಕಾಡು. ನಾಗಲೂಟಿಯ ವೀರಭದ್ರ, ಆಮೇಲೆ ಪೆದ್ದಚೆರುವು, ಭೀಮುನಿ ಕೊಲನು, ಕೊನೆಗೆ ಕೈಲಾಸದ್ವಾರ. ಬಯಲಿನ ಕಾಲು ನನ್ನದು, ಆ ಕಲ್ಲುಮೆಟ್ಟಿಲಿಗೆ ಮೊಣಕಾಲು ಅಳತೊಡಗಿತು. ಪಕ್ಕದಲ್ಲಿ ಮರಗಾಲು ಕಟ್ಟಿಕೊಂಡ ಒಬ್ಬ ಮುದುಕ ನನ್ನನ್ನು ದಾಟಿಹೋದ, ನಾಚಿಕೆಯಾಗಿ ನಾನು ಕೂಡಲಿಲ್ಲ. ಚೆಂಚರು ಹಿಂದೆ ಈ ದಾರಿ ಕಾಯುತ್ತಿದ್ದರು, ಯಾತ್ರಿಕರು ಅವರ ಕೈಗೆ ಕಾಸು ಇಡುತ್ತಿದ್ದರು. ಈಗ ಇದು ಹುಲಿ ಅಭಯಾರಣ್ಯ. ಶಿವರಾತ್ರಿಗೆ, ಯುಗಾದಿಗೆ ಮಾತ್ರ ಜನರನ್ನು ಬಿಡುತ್ತಾರೆ. ಒಳ್ಳೆಯದೇ ಅನ್ನುತ್ತೇನೆ, ನಮ್ಮವರು ಬಿಸಾಡುವ ಪ್ಲಾಸ್ಟಿಕ್ ನೋಡಿದ ಮೇಲೆ.

ತಾತ ತಿರುಗಿ ಬಂದ ದಿನ ಅಂಗಳ ತುಂಬ ಜನ. ಅಜ್ಜಿ ಕಾಲಿಗೆ ನೀರು ಹಾಕುತ್ತ ಮಲ್ಲಯ್ಯನ ಸುದ್ದಿ ಕೇಳುತ್ತಿರಲಿಲ್ಲ. ಅವಳ ಮೊದಲ ಮಾತು, “ಪೆದ್ದಚೆರುವಿನ್ಯಾಗ ನೀರು ಎಷ್ಟಿತ್ತು?” ತಾತ ಬಡಿಗೆ ಎತ್ತಿ ಹೆಬ್ಬೆರಳಿಂದ ಗುರುತು ತೋರಿಸುತ್ತಿದ್ದ. ಮುಂದಿನ ವರ್ಷ ಹೊರಡುವವರು ಬಗ್ಗಿ ನೋಡಿಕೊಳ್ಳುತ್ತಿದ್ದರು.