ಸತ್ತವರ ಹೆಸರಿನ ಕೇಕು

1517ರ ಅಕ್ಟೋಬರ್ 31ರಂದು ಮಾರ್ಟಿನ್ ಲೂಥರ್ ಮೈನ್ಜ್‌ನ ಆರ್ಚ್‌ಬಿಷಪ್ಪರಿಗೆ ಒಂದು ಪತ್ರ ಬರೆದು, ಅದರ ಜೊತೆಗೆ ತನ್ನ 95 ವಾದಗಳನ್ನು ಕಳಿಸಿದ. ಅವನ್ನು ವಿಟ್ಟೆನ್‌ಬರ್ಗಿನ ಕೋಟೆ ಚರ್ಚಿನ ಬಾಗಿಲಿಗೆ ಮೊಳೆ ಹೊಡೆದು ತೂಗುಹಾಕಿದನೋ ಇಲ್ಲವೋ ಎಂಬ ಬಗ್ಗೆ ಇತಿಹಾಸಕಾರರಲ್ಲಿ ಇನ್ನೂ ಜಗಳವಿದೆ. ಪತ್ರದ ತಾರೀಖಿನ ಬಗ್ಗೆ ಇಲ್ಲ. ಆ ಚರ್ಚು ಸಕಲ ಸಂತರ ಹೆಸರಿನದು, ಮರುದಿನವೇ ಅದರ ಹಬ್ಬ. ಹಬ್ಬಕ್ಕೆ ಬಂದ ಭಕ್ತರಿಗೆ ಪಾಪದ ಶಿಕ್ಷೆಯಲ್ಲಿ ವಿನಾಯಿತಿ ಸಿಗುತ್ತಿತ್ತು. ಲೂಥರನ ಆಕ್ಷೇಪ ಇದ್ದದ್ದು ಇಂಥ ವಿನಾಯಿತಿಗಳ ವ್ಯಾಪಾರದ ಮೇಲೆಯೇ. ಇಂದು ಮಕ್ಕಳು ದೆವ್ವದ ವೇಷ ಹಾಕಿ ಮಿಠಾಯಿ ಕೇಳುತ್ತ ತಿರುಗುವ ಹ್ಯಾಲೋವೀನ್ ಕೂಡ ಅದೇ ರಾತ್ರಿಯದು. ಇದು ಬರೀ ಕಾಕತಾಳೀಯವಲ್ಲ. ಹ್ಯಾಲೋವೀನಿನ ಆಟ ಕ್ರೈಸ್ತಪೂರ್ವ ಕಾಲದ ಪಳೆಯುಳಿಕೆ ಎನ್ನುವವರಿದ್ದಾರೆ, ಧರ್ಮದಿಂದ ಜಾರಿದ ಮೋಜು ಎನ್ನುವವರೂ ಇದ್ದಾರೆ. ದಾಖಲೆಗಳನ್ನು ನೋಡಿದರೆ ಎರಡೂ ಪೂರ್ತಿ ನಿಲ್ಲುವುದಿಲ್ಲ. ಈ ಆಟದ ಬಹುಪಾಲು ಒಂದು ಕಾಲದ ಧಾರ್ಮಿಕ ಕರ್ತವ್ಯವೇ. ಲೂಥರನ ನಂತರದ ಸುಧಾರಕರು ಆ ಕರ್ತವ್ಯದ ಕಾರಣವನ್ನು ಕಿತ್ತುಹಾಕಿದರು; ಜನ ಮಾತ್ರ ಅದನ್ನು ಮಾಡುವುದನ್ನು ಬಿಡಲಿಲ್ಲ.

ಆ ಕರ್ತವ್ಯ ಯಾವುದು ಎಂಬುದಕ್ಕೆ ಮಧ್ಯಯುಗಕ್ಕೆ ಹೋಗಬೇಕು. ನವೆಂಬರ್ 1ರ ಸಂತರ ಹಬ್ಬವನ್ನು 835ರಲ್ಲಿ ಚಕ್ರವರ್ತಿ ಲೂಯಿ ತನ್ನ ಫ್ರಾಂಕಿಷ್ ಸಾಮ್ರಾಜ್ಯಕ್ಕೆಲ್ಲ ವಿಧಿಸಿದ. ಸುಮಾರು ಕ್ರಿ.ಶ. 1000ದ ಹೊತ್ತಿಗೆ ಫ್ರಾನ್ಸಿನ ಕ್ಲೂನಿ ಮಠದ ಅಧಿಪತಿ ಓಡಿಲೊ, ಅದರ ಮರುದಿನವನ್ನು ಸತ್ತವರೆಲ್ಲರ ಸ್ಮರಣೆಗೆ ಮೀಸಲಿಟ್ಟ. ಅಲ್ಲಿಂದ ಮುಂದೆ ಈ ಎರಡು ದಿನಗಳಿಗೆ ಜೀವ ತುಂಬಿದ್ದು ಶುದ್ಧೀಕರಣ ಸ್ಥಳದ ಕಲ್ಪನೆ. ನರಕಕ್ಕೆ ಹೋಗುವಷ್ಟು ಕೆಟ್ಟವರಲ್ಲದ, ನೇರ ಸ್ವರ್ಗಕ್ಕೆ ಸಲ್ಲುವಷ್ಟು ಒಳ್ಳೆಯವರೂ ಅಲ್ಲದ ಸಾಮಾನ್ಯರ ಆತ್ಮಗಳು ಅಲ್ಲಿ ಬೆಂದು ಶುದ್ಧವಾಗಬೇಕು. ಬದುಕಿರುವವರ ಪ್ರಾರ್ಥನೆ, ಪೂಜೆ, ದಾನ ಆ ಅವಧಿಯನ್ನು ಮೊಟಕುಗೊಳಿಸುತ್ತವೆ. ಇಂಗ್ಲೆಂಡಿನ ಊರೂರಲ್ಲಿ ಸಂತರ ಹಬ್ಬದ ರಾತ್ರಿಯಿಡೀ ಚರ್ಚಿನ ಗಂಟೆ ಮೊಳಗುತ್ತಿತ್ತು, ಬೇಯುತ್ತಿರುವ ಆತ್ಮಗಳಿಗೆ ಸಮಾಧಾನವಾಗಲೆಂದು. ಗಂಟೆ ಬಾರಿಸಿದವರ ಊಟ-ಬಿಯರಿನ ಖರ್ಚು ಚರ್ಚಿನ ಲೆಕ್ಕಪುಸ್ತಕಗಳಲ್ಲಿ ಸಿಗುತ್ತದೆ. ಮನೆಗಳಲ್ಲಿ ಸಣ್ಣ ಸಣ್ಣ ಕೇಕುಗಳನ್ನು ಸುಟ್ಟು ಬಾಗಿಲಿಗೆ ಬಂದವರಿಗೆ ಕೊಡುತ್ತಿದ್ದರು; ತೆಗೆದುಕೊಂಡವರು ಆ ಮನೆಯ ಸತ್ತವರಿಗಾಗಿ ಪ್ರಾರ್ಥಿಸಬೇಕು. ನಮ್ಮ ಶ್ರಾದ್ಧದಲ್ಲಿ ಉಣ್ಣುವವನ ತೃಪ್ತಿಯೇ ಪಿತೃಗಳಿಗೆ ಸಲ್ಲುವ ಹಾಗೆ, ಇಲ್ಲೂ ಬಾಗಿಲಲ್ಲಿ ನಿಂತ ಬಡವ ಬರೀ ಭಿಕ್ಷುಕನಲ್ಲ. ಅವನಿಂದ ಮನೆಯವರಿಗೆ ಒಂದು ಕೆಲಸ ಆಗಬೇಕಿತ್ತು, ಕೇಕು ಅದರ ಕೂಲಿ. ಕೊಡುವವರೂ ಕೇಳುವವರೂ ಸಮಸಮವಾಗಿ ನಿಲ್ಲುವ ಈ ವ್ಯವಹಾರವನ್ನು ಗಮನದಲ್ಲಿಟ್ಟುಕೊಳ್ಳದಿದ್ದರೆ, ಮುಂದೆ ಮಕ್ಕಳು ಅಷ್ಟೊಂದು ದರ್ಪದಿಂದ ಮಿಠಾಯಿ ಕೇಳುವುದೇಕೆ ಎಂದು ಅರ್ಥವಾಗುವುದಿಲ್ಲ.

ಇದಕ್ಕೆ ಕೂಡಲೇ ಬರುವ ಆಕ್ಷೇಪ ಗೊತ್ತೇ ಇದೆ: ಇದೆಲ್ಲ ಚರ್ಚು ಹೊದಿಸಿದ ಮುಸುಕು, ಒಳಗಿರುವುದು ಕ್ರೈಸ್ತಪೂರ್ವ ಕೆಲ್ಟರ ಸಾವಿನ್ (Samhain) ಹಬ್ಬ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಜಾನ್ ರೀಸ್ ಅದನ್ನು ಕೆಲ್ಟರ ಹೊಸವರ್ಷ ಎಂದರು, ಮುಂದೆ ಜೇಮ್ಸ್ ಫ್ರೇಜರ್ ಸತ್ತವರ ಹಬ್ಬ ಎಂದರು. ಆಮೇಲೆ ಬಂದ ಜನಪ್ರಿಯ ಪುಸ್ತಕಗಳು ಅದನ್ನೇ ನಕಲು ಮಾಡುತ್ತ ಬಂದಿವೆ. ಸಾವಿನ್ ಇದ್ದದ್ದಂತೂ ನಿಜ. ಐರ್ಲೆಂಡಿನ ಮಧ್ಯಯುಗದ ಕಥೆಗಳಲ್ಲಿ ಅದು ಚಳಿಗಾಲದ ಬಾಗಿಲು. ಆ ರಾತ್ರಿ ಮಾಯಾಲೋಕದ ದಿಬ್ಬಗಳು ತೆರೆದುಕೊಳ್ಳುತ್ತವೆ, ನೇರಾನಂಥ ನಾಯಕರು ಒಳಹೋಗಿ ಬರುತ್ತಾರೆ. ಆದರೆ ಆ ಕಥೆಗಳನ್ನು ಬರೆದಿಟ್ಟವರು ಕ್ರೈಸ್ತ ಸನ್ಯಾಸಿಗಳು, ಅವುಗಳಲ್ಲಿ ಸತ್ತ ಹಿರಿಯರಿಗೆ ಸಲ್ಲಿಸುವ ವಿಧಿಯ ವರ್ಣನೆ ಇಲ್ಲ. ರೊನಾಲ್ಡ್ ಹಟ್ಟನ್ 1996ರಲ್ಲಿ ಪ್ರಕಟಿಸಿದ ಬ್ರಿಟಿಷ್ ಹಬ್ಬಗಳ ಇತಿಹಾಸದಲ್ಲಿ ಇನ್ನೂ ಗಟ್ಟಿಯಾದ ಒಂದು ಅಂಶವನ್ನು ಎತ್ತಿ ತೋರಿಸಿದ್ದಾರೆ: ಸುಮಾರು 800ರ ಹೊತ್ತಿನ ಐರಿಷ್ ಸಂತರ ಪಂಚಾಂಗಗಳಲ್ಲಿ ಸಕಲ ಸಂತರ ಹಬ್ಬ ಇರುವುದು ಏಪ್ರಿಲ್ 20ಕ್ಕೆ. ನವೆಂಬರ್ 1ನ್ನು ಆರಿಸಿಕೊಂಡದ್ದು ಇಂಗ್ಲೆಂಡ್, ಜರ್ಮನಿಯ ಚರ್ಚುಗಳು. ಸಾವಿನ್ ಆಚರಿಸುವ ನಾಡಿನ ಚರ್ಚೇ ಆ ದಿನವನ್ನು ಬಿಟ್ಟು ಬೇರೆ ದಿನ ಹಿಡಿದಿದ್ದರೆ, ಸಾವಿನ್ನನ್ನು ಮುಚ್ಚಲೆಂದೇ ಹಬ್ಬವನ್ನು ಅಲ್ಲಿಟ್ಟರು ಎಂಬ ವಾದ ಕುಂಟುತ್ತದೆ. ಆ ರಾತ್ರಿಯ ಭಯ, ಮಂಕು, ಮಾಯೆ ಸಾವಿನ್ನಿನಿಂದ ಬಂದಿರಬಹುದು, ಅದನ್ನು ಒಪ್ಪೋಣ. ಸತ್ತವರು ಬಂದದ್ದು ಚರ್ಚಿನಿಂದ.

ಮತಸುಧಾರಣೆ ಇಂಗ್ಲೆಂಡಿಗೆ ಬಂದಾಗ ಮೊದಲ ಏಟು ಬಿದ್ದದ್ದು ಗಂಟೆಗಳ ಮೇಲೆ. 1546ರಲ್ಲೇ ಎಂಟನೇ ಹೆನ್ರಿಯ ಆಸ್ಥಾನದಲ್ಲಿ ಆ ರಾತ್ರಿಯ ಗಂಟೆ ನಿಲ್ಲಿಸುವ ಪ್ರಸ್ತಾಪವಿತ್ತು. 1549ರ ಪ್ರಾರ್ಥನಾ ಪುಸ್ತಕದಲ್ಲಿ ಸಂತರ ದಿನ ಉಳಿಯಿತು, ಸತ್ತವರ ದಿನ ಹೋಯಿತು. ಶುದ್ಧೀಕರಣ ಸ್ಥಳವೇ ಇಲ್ಲವೆಂದ ಮೇಲೆ ಪ್ರಾರ್ಥನೆ ಯಾರಿಗೆ? ಆದರೂ ಎಲಿಜಬೆತ್ ರಾಣಿಯ ಕಾಲದಲ್ಲೂ ಹಟ ಹಿಡಿದು ಗಂಟೆ ಬಾರಿಸಿದವರನ್ನು ಚರ್ಚಿನ ವಿಚಾರಣೆಗೆ ಎಳೆದ ದಾಖಲೆಗಳಿವೆ. ಷೇಕ್ಸ್‌ಪಿಯರನ ಒಂದು ಆರಂಭದ ನಾಟಕದಲ್ಲಿ ಸೇವಕನೊಬ್ಬ ತನ್ನ ಒಡೆಯನ ಗೋಳುದನಿಯನ್ನು ಸಂತರ ಹಬ್ಬದ ಭಿಕ್ಷುಕನ ದನಿಗೆ ಹೋಲಿಸುತ್ತಾನೆ. ಅಷ್ಟರಲ್ಲಿ ಪ್ರಾರ್ಥನೆ ಮರೆಗೆ ಸರಿದು, ಗೋಳು ಮಾತ್ರ ನಗೆಯ ವಸ್ತುವಾಗಿತ್ತು. ಬದಲಾವಣೆಯ ಉಳಿದ ಮೆಟ್ಟಿಲುಗಳು ಉತ್ತರ ಮತ್ತು ಪಶ್ಚಿಮದ ಜಿಲ್ಲೆಗಳಲ್ಲಿ ಸಿಗುತ್ತವೆ. ಹಳೆಯ ಕಥೋಲಿಕ ಮನೆತನಗಳು ಉಳಿದಿದ್ದ ಲ್ಯಾಂಕಾಷೈರಿನಲ್ಲಿ ಕುಟುಂಬದವರು ಗುಡ್ಡವೇರಿ, ಒಬ್ಬ ಕವೆಗೋಲಿನ ತುದಿಯಲ್ಲಿ ಹುಲ್ಲು ಉರಿಸುತ್ತಿದ್ದರೆ ಉಳಿದವರು ಸುತ್ತ ಮಂಡಿಯೂರಿ, ಬೆಂಕಿ ಆರುವವರೆಗೆ ತಮ್ಮವರ ಆತ್ಮಗಳಿಗಾಗಿ ಪ್ರಾರ್ಥಿಸುತ್ತಿದ್ದರು. ಅಲ್ಲಿ ಆಚರಣೆ ಅರ್ಥದೊಂದಿಗೇ ಉಳಿಯಿತು. ಪಕ್ಕದ ಚೆಷೈರಿನಲ್ಲಿ ಮಕ್ಕಳು ಮನೆಮನೆಗೆ ಹೋಗಿ ಹಾಡಿ ಕೇಕು, ಸೇಬು ಕೇಳುತ್ತಿದ್ದರು; ಹಾಡಿನಲ್ಲಿ ಆತ್ಮದ ಹೆಸರಿತ್ತು, ಪ್ರಾರ್ಥನೆ ಇರಲಿಲ್ಲ. ಅದೇ ಜಿಲ್ಲೆಯ ಆಂಟ್ರೊಬಸ್‌ನಲ್ಲಿ ಸೋಲ್ ಕೇಕಿನ, ಅಂದರೆ ಆತ್ಮದ ಕೇಕಿನ, ನಾಟಕದ ತಂಡ ಇನ್ನೊಂದು ಹೆಜ್ಜೆ ಮುಂದೆ ಹೋಯಿತು: ಕತ್ತಿಕಾಳಗದಲ್ಲಿ ಒಬ್ಬ ಸಾಯುತ್ತಾನೆ, ವೈದ್ಯನೊಬ್ಬ ಬಂದು ಎಬ್ಬಿಸುತ್ತಾನೆ, ಕಪ್ಪು ಬಳಿದ ನಿಜವಾದ ಕುದುರೆಯ ತಲೆಬುರುಡೆ ಕುಣಿದು ಜನರನ್ನು ಹೆದರಿಸುತ್ತದೆ. ಈ ಮೂರನ್ನು ಪಕ್ಕಪಕ್ಕ ಇಟ್ಟರೆ ಪ್ರಾರ್ಥನೆ ಆಟವಾದ ದಾರಿ ಕಣ್ಣಿಗೆ ಕಾಣುತ್ತದೆ. ದಕ್ಷಿಣ ಇಂಗ್ಲೆಂಡಿನಲ್ಲಿ ಇದು ಬಹುಮಟ್ಟಿಗೆ ಅಳಿಯಿತು, ಏಕೆಂದರೆ 1605ರಲ್ಲಿ ಕಥೋಲಿಕರ ಗುಂಪೊಂದು ಪಾರ್ಲಿಮೆಂಟನ್ನು ಸಿಡಿಸಲು ಹೂಡಿದ ಸಂಚಿನ ನಂತರ ನವೆಂಬರ್ 5ರ ಬೆಂಕಿ ಅದರ ಜಾಗವನ್ನು ಹಿಡಿಯಿತು. ಅದು ಸರ್ಕಾರವೇ ವಿಧಿಸಿದ, ಕಥೋಲಿಕರ ವಿರುದ್ಧದ ಹಬ್ಬ.

ಸ್ಕಾಟ್‌ಲೆಂಡ್ ಇನ್ನೂ ಸ್ವಾರಸ್ಯದ್ದು. ಅಲ್ಲಿನ ಸುಧಾರಕರು 1560ರಲ್ಲೇ ಸಂತರ ದಿನಗಳನ್ನೆಲ್ಲ ಒಟ್ಟಿಗೆ ತೊಡೆದುಹಾಕಿದರು. ಅಷ್ಟು ಕಟ್ಟುನಿಟ್ಟಿನ ನಾಡಿನಲ್ಲೇ ವೇಷ ಹಾಕಿ ತಿರುಗುವ ರೂಢಿ, ಟರ್ನಿಪ್ ಕೊರೆದ ದೀಪ, ಬೆಂಕಿಯಲ್ಲಿ ಕಾಯಿ ಸುಟ್ಟು ಮದುವೆಯ ಭವಿಷ್ಯ ನೋಡುವ ಆಟ ಎಲ್ಲವೂ ಬೆಳೆದವು. ರಾಬರ್ಟ್ ಬರ್ನ್ಸ್ 1786ರಲ್ಲಿ ಪ್ರಕಟಿಸಿದ ಕವಿತೆಯಲ್ಲಿ ಆ ಆಟಗಳ ಪಟ್ಟಿಯೇ ಇದೆ. ಅದರಲ್ಲಿ ಸತ್ತವರಿಗೆ ಸಲ್ಲುವ ವಿಧಿ ಮಾತ್ರ ಇಲ್ಲ. 1860ರ ದಶಕದಲ್ಲಿ ಬಾಲ್ಮೋರಲ್‌ನಲ್ಲಿ ವಿಕ್ಟೋರಿಯಾ ರಾಣಿಯೇ ಪಂಜಿನ ಮೆರವಣಿಗೆ ನೋಡಿ ಖುಷಿಪಟ್ಟಳು. ಇಂಗ್ಲೆಂಡಿನ ಚರ್ಚಿನ ಮುಖ್ಯಸ್ಥೆಗೂ ಅದರಲ್ಲಿ ಕಥೋಲಿಕ ವಾಸನೆ ಬರಲಿಲ್ಲ.

ಐರ್ಲೆಂಡ್ ನನ್ನ ವಾದಕ್ಕೆ ತೊಡಕು. ಅಲ್ಲಿ ಬಹುಜನರು ಕಥೋಲಿಕರಾಗಿಯೇ ಉಳಿದರು, ಸತ್ತವರ ಪ್ರಾರ್ಥನೆ ನಿಲ್ಲಲಿಲ್ಲ, ಆದರೂ ಉಂಗುರ ಅಡಗಿಸಿದ ಬ್ರ್ಯಾಕ್ ರೊಟ್ಟಿ, ನೇತುಹಾಕಿದ ಸೇಬನ್ನು ಬಾಯಲ್ಲಿ ಕಚ್ಚುವ ಪಂದ್ಯ ಹೇರಳವಾಗಿದ್ದವು. 1833ರಲ್ಲಿ ಡೇನಿಯಲ್ ಮಕ್ಲೀಸ್ ಚಿತ್ರಿಸಿದ ಪ್ರಸಿದ್ಧ ಕೂಟದಲ್ಲಿ ಆ ಸೇಬಿನ ಪಂದ್ಯವಿದೆ. ಹಾಗಾದರೆ ನಿಷೇಧದಿಂದಲೇ ಆಟ ಹುಟ್ಟಿತೆಂದು ಹೇಳಲಾಗದು, ನಿಜ. ಅದೇ ಮನೆಗಳಲ್ಲಿ ಆಟ ಮುಗಿದ ಮೇಲೆ ಸತ್ತವರು ಬಂದಾರೆಂದು ಒಲೆಯ ಬೆಂಕಿ ಆರಿಸದೆ ಬಿಡುವುದೂ ಇತ್ತು. ಆಟ ಮೊದಲಿನಿಂದಲೂ ಹಬ್ಬದ ಅಂಗ. ಸುಧಾರಣೆ ಮಾಡಿದ್ದು ಇಷ್ಟು: ಜೊತೆಗಿದ್ದ ಎರಡರಲ್ಲಿ ಒಂದನ್ನು ಕಿತ್ತು, ಇನ್ನೊಂದನ್ನು ಒಂಟಿಯಾಗಿ ಬಿಟ್ಟಿತು.

ಕ್ಷಾಮದಿಂದ ಓಡಿಬಂದ ಐರಿಷರೂ ಸ್ಕಾಟರೂ ಅಮೆರಿಕಕ್ಕೆ ಒಯ್ದದ್ದು ಹೆಚ್ಚಾಗಿ ಈ ಒಂಟಿ ಆಟವನ್ನು. ಅಲ್ಲಿ ಟರ್ನಿಪ್ಪಿನ ಜಾಗಕ್ಕೆ ಕುಂಬಳಕಾಯಿ ಬಂತು, ಗೇಟು ಕಿತ್ತು ಬಚ್ಚಿಡುವ ಪುಂಡಾಟ ಬೆಳೆಯಿತು. ಮಿನೆಸೋಟದ ಅನೋಕ ಊರು 1920ರಲ್ಲಿ ಮೆರವಣಿಗೆ ಶುರುಮಾಡಿದ್ದು ಈ ಪುಂಡಾಟದಿಂದ ಹುಡುಗರನ್ನು ಬೇರೆಡೆಗೆ ಸೆಳೆಯಲೆಂದೇ. ಮಿಠಾಯಿ ಕೊಡು ಇಲ್ಲವೇ ಕಾಟ ಕೊಡುತ್ತೇನೆ ಎಂಬ ಕೂಗು 1920ರ ದಶಕದ ಹೊತ್ತಿಗೆ ಕೆನಡಾದ ಪತ್ರಿಕೆಗಳಲ್ಲಿ ಕಾಣಿಸಿಕೊಂಡು, 1947ರಲ್ಲಿ ಅಮೆರಿಕದ ಸಕ್ಕರೆ ಪಡಿತರ ಮುಗಿದ ಮೇಲೆ ಎಲ್ಲೆಡೆ ಹಬ್ಬಿತು. ಇದಕ್ಕೂ ಚೆಷೈರಿನ ಕೇಕಿಗೂ ಕಡಿಯದ ಕೊಂಡಿ ಇದೆ ಎಂದು ಯಾರಾದರೂ ಹೇಳಿದರೆ ನಂಬಬೇಕಿಲ್ಲ. ನಡುವೆ ದೊಡ್ಡ ಬಿರುಕಿದೆ, ಪುಂಡಾಟಕ್ಕೆ ಪರಿಹಾರವಾಗಿ ಅದು ಹೊಸದಾಗಿ ರೂಪುಗೊಂಡಿತು. ಆದರೆ ಕಟ್ಟಿದವರ ಕೈಗೆ ಸಿಕ್ಕ ಸಾಮಗ್ರಿ ಹಳೆಯದೇ: ಅದೇ ರಾತ್ರಿ, ಹೊಸ್ತಿಲು, ಸಿಹಿ, ಕೊಟ್ಟರೆ ಒಳಿತು ಎಂಬ ಒಪ್ಪಂದ. ಸತ್ತವರಿಗೆ ಒಳಿತಾಗಬೇಕಿದ್ದದ್ದು ಈಗ ಮನೆಯ ಗೇಟಿಗೆ ಆಗುತ್ತದೆ.

ಹೀಗೆ ಬೇರೆಯಾದ ಎರಡು ಅರ್ಧಗಳೂ ಕರ್ನಾಟಕಕ್ಕೆ ಬಂದಿವೆ, ಬೇರೆ ಬೇರೆ ದಾರಿಯಲ್ಲಿ. ಮಂಗಳೂರಿನ ಕಥೋಲಿಕರು ನವೆಂಬರ್ 2ರಂದು ಸಮಾಧಿಗಳಿಗೆ ಹೂವಿಟ್ಟು ಮೇಣದ ಬತ್ತಿ ಹಚ್ಚುವ ರೂಢಿ ಓಡಿಲೊನ ಪರಂಪರೆಯದು; ಬೆಂಗಳೂರಿನ ಪಬ್ಬುಗಳ ದೆವ್ವದ ಪಾರ್ಟಿ ಹಾಲಿವುಡ್ಡಿನದು. ಅತ್ತ ಅಮೆರಿಕದಲ್ಲಿ ಹ್ಯಾಲೋವೀನ್ ಸೈತಾನನ ಹಬ್ಬ ಎಂದು ಗುಡುಗುವ ಇವಾಂಜೆಲಿಕಲ್ ಪಾದ್ರಿಗಳ ಪೈಕಿ ಕೆಲವರು ಆಟವನ್ನೇ ಕೈಗೆತ್ತಿಕೊಂಡಿದ್ದಾರೆ. ವರ್ಜೀನಿಯಾದಲ್ಲಿ ಅಂಥ ಪಾದ್ರಿ ಜೆರಿ ಫಾಲ್ವೆಲ್ ಸ್ಥಾಪಿಸಿದ ಕಾಲೇಜು 1972ರಿಂದ ನಡೆಸುತ್ತ ಬಂದ ಭೂತದ ಮನೆಯಲ್ಲಿ ಸಾವಿನ ದೃಶ್ಯಗಳನ್ನು ದಾಟಿ ಬಂದವರಿಗೆ ಕೊನೆಗೆ ಸಿಗುವುದು ಉಪದೇಶ. ಇನ್ನು ಕೆಲವು ಚರ್ಚುಗಳು ತಮ್ಮ ಆವರಣದಲ್ಲಿ ಕಾರುಗಳನ್ನು ಸಾಲಾಗಿ ನಿಲ್ಲಿಸಿ, ಡಿಕ್ಕಿ ತೆರೆದು, ವೇಷ ಹಾಕಿ ಬಂದ ಮಕ್ಕಳಿಗೆ ಮಿಠಾಯಿ ಹಂಚುತ್ತವೆ.