ಎಲುಬು ಬೆಸೆಯುವ ಕಾಂತಕ್ಷೇತ್ರ

ಮುರಿದ ಎಲುಬಿಗೆ ಬಿದಿರ ದಬ್ಬೆ ಕಟ್ಟುವ ನಾಟಿ ವೈದ್ಯವನ್ನು ನೆಚ್ಚಿದ್ದ ಕೊಪ್ಪಳ ಸೀಮೆಗೆ ಸರ್ಕಾರಿ ವೈದ್ಯಕೀಯ ಕಾಲೇಜು ಬಂದದ್ದು 2015ರಲ್ಲಿ. ಎಲುಬು ಬೆಸೆಯುವ ಮತ್ತೊಂದು ದಾರಿಯ ಎಳೆ ಅದಕ್ಕೂ ಬಹಳ ಹಳೆಯದು: ಒಣ ಎಲುಬನ್ನು ಒತ್ತಿದಾಗ ವಿದ್ಯುತ್ ಹುಟ್ಟುವುದನ್ನು ಜಪಾನಿನ ಸಂಶೋಧಕರಾದ ಫುಕಾಡ ಮತ್ತು ಯಾಸುದ 1957ರಲ್ಲಿಯೇ ತೋರಿಸಿದ್ದರು. ಆ ಎಳೆಯನ್ನು ಹಿಡಿದು, ತಂತಿಸುರುಳಿಯಲ್ಲಿ ವಿದ್ಯುತ್ತನ್ನು ಮಿಡಿತಗಳಾಗಿ ಹರಿಸಿ ಕಾಂತಕ್ಷೇತ್ರವನ್ನು ಉಂಟುಮಾಡುವ ಚಿಕಿತ್ಸೆ ಬೆಳೆಯಿತು, ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 1979ರಲ್ಲಿ ಅದಕ್ಕೆ ಒಪ್ಪಿಗೆ ನೀಡಿತು. ಆದರೆ ಆ ಒಪ್ಪಿಗೆ ತಿಂಗಳುಗಟ್ಟಲೆ ಕೂಡದೆ ಉಳಿದ ಎಲುಬುಗಳಿಗೆ ಮಾತ್ರ ಇತ್ತೆಂಬುದನ್ನು ಮರೆಯುವುದು ಅಪಾಯಕರ. ಕೊಪ್ಪಳ ಸೀಮೆಯದೇ ಆದ ಕುಷ್ಟಗಿ, ಯಲಬುರ್ಗಾಗಳ ಕೊಳವೆಬಾವಿ ನೀರಿನ ಫ್ಲೋರೈಡಿನಿಂದ ಕೀಲು ಬಿಗಿದು ನರಳುವವರಿಗೆ ಮೊದಲು ಬೇಕಾದದ್ದು ಈ ಚಿಕಿತ್ಸೆಯಲ್ಲ, ಶುದ್ಧ ನೀರು. ಹೃದಯದ ಬಡಿತ ಕಾಯುವ ಪೇಸ್‌ಮೇಕರ್ ಉಳ್ಳವರೂ ಗರ್ಭಿಣಿಯರೂ ವೈದ್ಯರನ್ನು ಕೇಳದೆ ಈ ಕಾಂತಚಿಕಿತ್ಸೆಯ ಯಂತ್ರದ ಬಳಿ ಹೋಗಬಾರದು.